ಅರಮನೆಯ ಕಾವಲಿನಿಂದ ಬ್ಯಾಸ್ಟೀಲ್‌ವರೆಗೆ: ಜಪಾನಿನ ‘ವರ್ಸಾಯ್ ಗುಲಾಬಿ’

ಶಂಕರನಾರಾಯಣ, ಕುಂದಾಪುರ ಪರಿಸರದ ಯಕ್ಷಗಾನ ಪ್ರೇಕ್ಷಕರಿಗೆ ಗಂಡಸರು ಸ್ತ್ರೀವೇಷ ಧರಿಸಿ ರಂಗಕ್ಕೆ ಬರುವುದು ಹೊಸತಲ್ಲ. ‘ಪ್ರಮೀಳಾರ್ಜುನ’ ಪ್ರಸಂಗದಲ್ಲಿ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕುವ ಸ್ತ್ರೀರಾಜ್ಯದ ರಾಣಿಯೂ ಅವರಿಗೆ ಪರಿಚಿತಳೇ. ಅಂತಹುದೇ ವೀರನಾರಿಯೊಬ್ಬಳನ್ನು ಹದಿನೆಂಟನೆಯ ಶತಮಾನದ ಫ್ರಾನ್ಸ್‌ನಲ್ಲಿ ಕಲ್ಪಿಸಿಕೊಂಡು ಮಹಾಕ್ರಾಂತಿಯ ಕಥೆಯನ್ನು ಹೇಳಿದ ಜಪಾನಿ ಅನಿಮೇಷನ್ ಧಾರಾವಾಹಿ ‘ವರ್ಸಾಯ್ ಗುಲಾಬಿ’.

ಇದರ ಮೂಲ ರಿಯೋಕೊ ಇಕೆದಾ ರಚಿಸಿದ ಚಿತ್ರಕಥೆ. ಹುಡುಗಿಯರ ವಾರಪತ್ರಿಕೆ ‘ಮಾರ್ಗರೆಟ್’ನಲ್ಲಿ 1972ರಿಂದ 1973ರವರೆಗೆ ಅದು ಪ್ರಕಟವಾಯಿತು. ರಾಣಿ ಮಾರಿ ಆಂಟೊನೆಟ್‌ಳ ಕುರಿತು ಸ್ಟೀಫನ್ ಝ್ವೈಗ್ ಬರೆದ ಜೀವನಚರಿತ್ರೆಯೇ ಲೇಖಕಿಗೆ ಪ್ರೇರಣೆ. ಟೋಕಿಯೊ ಮೂವೀ ಶಿನ್ಶಾ ಸಂಸ್ಥೆ ನಿರ್ಮಿಸಿದ 40 ಕಂತುಗಳ ಧಾರಾವಾಹಿ 1979ರ ಅಕ್ಟೋಬರ್‌ನಿಂದ 1980ರ ಸೆಪ್ಟೆಂಬರ್‌ವರೆಗೆ ಪ್ರಸಾರವಾಯಿತು. ಮೊದಲು ತದಾವೊ ನಾಗಹಾಮಾ, ಬಳಿಕ ಒಸಾಮು ದೆಝಾಕಿ ಇದನ್ನು ನಿರ್ದೇಶಿಸಿದರು.

ಗಂಡುಸಂತಾನವಿಲ್ಲದ ಸೇನಾಪತಿಯೊಬ್ಬ ತನ್ನ ಕಿರಿಯ ಮಗಳಿಗೆ ಆಸ್ಕರ್ ಎಂಬ ಗಂಡುಹೆಸರಿಟ್ಟು, ಕತ್ತಿವರಸೆ ಕಲಿಸಿ ಬೆಳೆಸುತ್ತಾನೆ. ಆಕೆ ರಾಜರಕ್ಷಕ ದಳಕ್ಕೆ ಸೇರಿ, 1770ರಲ್ಲಿ ಆಸ್ಟ್ರಿಯಾದಿಂದ ವಧುವಾಗಿ ಬಂದ ಆಂಟೊನೆಟ್‌ಳ ಕಾವಲಿಗೆ ನಿಲ್ಲುತ್ತಾಳೆ. ಅರಮನೆಯ ವೈಭೋಗದ ಹೊರಗೆ ಹಸಿವಿನಿಂದ ಬಳಲುವ ಪ್ಯಾರಿಸ್ ಕ್ರಮೇಣ ಅವಳ ಕಣ್ಣಿಗೆ ಬೀಳುತ್ತದೆ. ಕೊನೆಗೆ ರಾಜರಕ್ಷಕ ದಳವನ್ನು ತೊರೆದು ಫ್ರೆಂಚ್ ಗಾರ್ಡ್ ದಳದ ನಾಯಕಿಯಾಗುವ ಆಸ್ಕರ್, 1789ರ ಜುಲೈ 14ರಂದು ಜನರ ಪರವಾಗಿ ಬ್ಯಾಸ್ಟೀಲ್ ಕೋಟೆಯೆದುರು ಹೋರಾಡಿ ಪ್ರಾಣ ಬಿಡುತ್ತಾಳೆ.

ಇಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು? ಆಸ್ಕರ್ ಮತ್ತು ಅವಳನ್ನು ಪ್ರೀತಿಸುವ ಆಂದ್ರೆ ಕಲ್ಪಿತ ಪಾತ್ರಗಳು. ರಾಣಿ, ಅವಳ ಆಪ್ತನಾದ ಸ್ವೀಡನ್‌ನ ಫೆರ್ಸೆನ್, ರಾಣಿಯ ಹೆಸರು ಕೆಡಿಸಿದ 1785ರ ವಜ್ರಹಾರ ಹಗರಣ ಇವೆಲ್ಲ ನಿಜ. ಫ್ರೆಂಚ್ ಗಾರ್ಡ್ ಸೈನಿಕರು ಫಿರಂಗಿಗಳೊಂದಿಗೆ ಜನರನ್ನು ಕೂಡಿಕೊಂಡದ್ದೂ ಐತಿಹಾಸಿಕ ಸತ್ಯವೇ. ಬ್ಯಾಸ್ಟೀಲ್ ಪತನಕ್ಕೆ ಅದೊಂದು ಮುಖ್ಯ ಕಾರಣ. ಆ ಸೈನಿಕರ ಮನದ ತೊಳಲಾಟಕ್ಕೆ ಇಕೆದಾ ಆಸ್ಕರ್‌ಳ ಮುಖ ಕೊಟ್ಟರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬ ನಿಷ್ಠೆ ಒಂದು ಕಡೆ, ಹಸಿದವರ ಮೇಲೆ ಗುಂಡು ಹಾರಿಸಲು ಒಪ್ಪದ ಅಂತಃಕರಣ ಇನ್ನೊಂದು ಕಡೆ. ಕಥೆಯ ಬಲವಿರುವುದು ಈ ಇಕ್ಕಟ್ಟಿನಲ್ಲಿ. ರಾಣಿಯನ್ನೂ ಇಲ್ಲಿ ಬರೀ ಖಳನಾಯಕಿಯಾಗಿ ಚಿತ್ರಿಸಿಲ್ಲ. ವಿವೇಕ ಮೂಡುವ ಹೊತ್ತಿಗೆ ಕಾಲ ಮೀರಿಹೋಗಿದ್ದ ಆ ಹೆಣ್ಣನ್ನು 1793ರ ಅಕ್ಟೋಬರ್ 16ರಂದು ಗಿಲೊಟಿನ್‌ಗೆ ಒಪ್ಪಿಸಲಾಯಿತು.

ಮಹಿಳೆಯರೇ ಪುರುಷಪಾತ್ರಗಳನ್ನೂ ವಹಿಸುವ ಜಪಾನಿನ ತಕರಝುಕಾ ರಂಗತಂಡ 1974ರಲ್ಲೇ ಈ ಕಥೆಯನ್ನು ರಂಗಕ್ಕೆ ತಂದಿತು. ನಮ್ಮ ಸ್ತ್ರೀವೇಷದ ಪರಂಪರೆಯನ್ನು ತಿರುಗಿಸಿಟ್ಟಂತಹ ಈ ರಂಗದಲ್ಲಿ ಆಸ್ಕರ್ ಇಂದಿಗೂ ಅಚ್ಚುಮೆಚ್ಚಿನ ಪಾತ್ರ. 1986ರಲ್ಲಿ ಧಾರಾವಾಹಿ ‘ಲೇಡಿ ಆಸ್ಕರ್’ ಎಂಬ ಹೆಸರಿನಲ್ಲಿ ಫ್ರಾನ್ಸ್‌ಗೇ ತಲುಪಿತು. ಆ ದೇಶ 2009ರಲ್ಲಿ ಇಕೆದಾ ಅವರಿಗೆ ‘ಲೀಜನ್ ಆಫ್ ಆನರ್’ ಗೌರವ ನೀಡಿತು. 2025ರಲ್ಲಿ ಹೊಸ ಅನಿಮೇಷನ್ ಚಲನಚಿತ್ರವಾಗಿಯೂ ಈ ಕಥೆ ತೆರೆ ಕಂಡಿದೆ. ಅಧಿಕಾರಕ್ಕೂ ಜನರಿಗೂ ನಡುವೆ ಶಸ್ತ್ರ ಹಿಡಿದು ನಿಲ್ಲುವವರು ಇರುವವರೆಗೆ ಆಸ್ಕರ್‌ಳ ಪ್ರಶ್ನೆ ಹಳತಾಗುವಂತಿಲ್ಲ.