ನೀರಿನೊಳಗೆ ಎರಡನೆಯ ಉಸಿರು

ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋಗಿಬಂದ ವಾಚಕರು ಅಲ್ಲಿಯ ಐಕ್ಯಮಂಟಪವನ್ನು ಮರೆತಿರಲಾರರು. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿಹೋಗದಿರಲೆಂದು ಸುತ್ತಲೂ ದೊಡ್ಡ ಬಾವಿಯ ಆಕಾರದ ಗೋಡೆಯನ್ನು ಕಟ್ಟಿದ್ದಾರೆ. ಹೊರಗೆ ಹೊಳೆ ತುಂಬಿ ನಿಂತಿರುವಾಗ, ಮೆಟ್ಟಿಲಿಳಿದು ಹೋದ ಯಾತ್ರಿಕನು ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ನಿರಾತಂಕವಾಗಿ ಉಸಿರಾಡುತ್ತಾನೆ. ನೀರಿನ ಒತ್ತಡವನ್ನು ಅಲ್ಲಿ ಗೋಡೆ ಹೊರುತ್ತದೆ. ಯಾತ್ರಿಕನ ಎದೆ ಹೊರುವುದಿಲ್ಲ.

ಆ ಗೋಡೆಯ ಆಸರೆಯಿಲ್ಲದೆ ನೀರಿಗಿಳಿದರೆ ಏನಾದೀತು? ಕೇವಲ 1 ಮೀಟರು ಆಳದಲ್ಲಿ ನೀರು ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಭಾರವನ್ನು ಹೇರುತ್ತದೆ. ಎದೆಯ ವಿಸ್ತಾರವನ್ನು 1000 ಚದರ ಸೆಂಟಿಮೀಟರೆಂದು ಹಿಡಿದರೆ ಒಟ್ಟು ಭಾರ 100 ಕಿಲೋಗ್ರಾಂ, ಎಂದರೆ ಒಂದು ಕ್ವಿಂಟಲ್ ಜೋಳದ ಚೀಲ! ನೀರಿನ ಮೇಲಕ್ಕೆ ಉದ್ದನೆಯ ಕೊಳವೆಯೊಂದನ್ನು ಚಾಚಿ ಉಸಿರೆಳೆದುಕೊಳ್ಳುತ್ತೇನೆ ಎನ್ನುವವನು ಆ ಚೀಲವನ್ನು ಎದೆಯಿಂದಲೇ ಎತ್ತಬೇಕಾದೀತು. ಆದುದರಿಂದ ಮುಳುಗುಗಾರನಿಗೆ ಬೇಕಾದುದು ಬರಿಯ ಗಾಳಿಯಲ್ಲ. ಸುತ್ತಲಿನ ನೀರಿನಷ್ಟೇ ಒತ್ತಡವುಳ್ಳ ಗಾಳಿ.

ಇದನ್ನು ಒದಗಿಸುವ ಉಪಕರಣವೇ ರೆಗ್ಯುಲೇಟರು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇವರಿಬ್ಬರೂ ಕೂಡಿ ಇದನ್ನು ಬಳಕೆಗೆ ಯೋಗ್ಯವಾಗಿ ರೂಪಿಸಿದರು. ನೆಲದ ಮೇಲೆ ನಾವು ಹೊತ್ತಿರುವ ಗಾಳಿಯ ಒತ್ತಡವನ್ನು 1 ವಾಯುಭಾರವೆಂದು ಕರೆಯೋಣ. ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಾಗಲೂ ಇನ್ನೊಂದು ವಾಯುಭಾರ ಕೂಡಿಕೊಳ್ಳುತ್ತದೆ. ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿ ಸುಮಾರು 200 ವಾಯುಭಾರಕ್ಕೆ ಅದುಮಿದ ಗಾಳಿಯಿರುತ್ತದೆ. ಸಿಲಿಂಡರಿನ ತಲೆಗೆ ಕೂರಿಸಿದ ಮೊದಲನೆಯ ಹಂತ ಅದನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು 10 ವಾಯುಭಾರದಷ್ಟೇ ಹೆಚ್ಚಿರುವಂತೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತದಲ್ಲಿ ತೆಳುವಾದ ರಬ್ಬರಿನ ಪೊರೆಯೊಂದಿದೆ. ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ ಸನ್ನೆಯನ್ನು ಒತ್ತುತ್ತದೆ. ಕವಾಟ ತೆರೆದು ಗಾಳಿ ಬರುತ್ತದೆ. ಎಳೆಯುವುದನ್ನು ನಿಲ್ಲಿಸಿದೊಡನೆ ಕವಾಟ ಮುಚ್ಚುತ್ತದೆ.

ಇಷ್ಟು ಸೊಗಸಾದ ಯಂತ್ರವೂ ಕೆಡಬಹುದಷ್ಟೆ. ಕೆಟ್ಟಾಗ ಗತಿಯೇನು ಎಂಬ ಪ್ರಶ್ನೆಯನ್ನು ಹೊತ್ತು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಬಾಗಲಕೋಟೆಯ ನಮ್ಮ ಮನೆಗೆ ಬಂದಿದ್ದ. ಇಳಕಲ್ಲಿನ ಹೊಲದ ಬಾವಿಯಲ್ಲಿ ಈಜು ಕಲಿತವನು. ಈಗ ಸ್ಕೂಬಾ ಶಿಕ್ಷಣವನ್ನು ಮುಗಿಸಿ, ಮುರುಡೇಶ್ವರದ ಆಚೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ತಮ್ಮನೊಡನೆ ಮುಳುಗಬೇಕೆಂದು ಸಿದ್ಧನಾಗಿದ್ದಾನೆ. ಹೊಸದಾಗಿ ಕೊಂಡ ಸಲಕರಣೆಯನ್ನೂ ತುಂಬಿದ ಸಿಲಿಂಡರನ್ನೂ ಜೊತೆಗೆ ತಂದಿದ್ದ. ಮೊದಲನೆಯ ಹಂತದಿಂದ ಎರಡು ಕೊಳವೆಗಳು ಹೊರಟು ಎರಡು ಬಾಯಿತುಂಡುಗಳಲ್ಲಿ ಮುಗಿಯುತ್ತಿದ್ದವು. ಹೆಚ್ಚಿನ ಆ ಎರಡನೆಯದಕ್ಕೆ ಮುಳುಗುಗಾರರು 'ಆಕ್ಟೋಪಸ್' ಎನ್ನುತ್ತಾರೆ.

"ಎರಡು ಬಾಯಿ ಅದಾವಲ್ರಿ ಸರ್, ಒಂದು ಕೆಟ್ಟರ ಇನ್ನೊಂದು ಐತಿ. ಇಷ್ಟು ಸಾಕಲ್ರಿ?" ಎಂದ.

ನಾವು ಅವನನ್ನು ಪಡಸಾಲೆಯಲ್ಲಿ ಕೂರಿಸಿ, ಬಾಯಿತುಂಡನ್ನು ಕಚ್ಚಿಕೊಂಡು ಉಸಿರಾಡಲು ಹೇಳಿ, ಹಿಂದಿನಿಂದ ಸಿಲಿಂಡರಿನ ಕವಾಟವನ್ನು ಮುಚ್ಚಿದೆವು. ಕೊಳವೆಯಲ್ಲಿ ಉಳಿದ ಗಾಳಿ ಒಂದೆರಡು ಉಸಿರಿಗೆ ಬಂದಿತು, ಆಮೇಲೆ ನಿಂತಿತು. ಅವನು ಅವಸರದಿಂದ ಆಕ್ಟೋಪಸನ್ನು ಬಾಯಿಗಿಟ್ಟುಕೊಂಡ. ಅದರಲ್ಲಿಯೂ ಗಾಳಿಯಿಲ್ಲ! ಅವನ ಮುಖ ಬಿಳಿಚಿತು. ಪಡಸಾಲೆಯಾದ್ದರಿಂದ ಬಾಯಿತುಂಡನ್ನು ಕಿತ್ತೆಸೆದು ನಕ್ಕ. 20 ಮೀಟರು ನೀರಿನ ಕೆಳಗಾಗಿದ್ದರೆ?

ನಮ್ಮ ಊರಿನ ಗೃಹಸ್ಥರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಾಳಿಗೆಯ ಮೇಲಿನ ಟಾಕಿ ಬರಿದಾದರೆ ಮನೆಯಲ್ಲಿ ಎಷ್ಟು ನಲ್ಲಿಗಳಿದ್ದರೇನು? ಹೆಚ್ಚಿನ ನಲ್ಲಿ ನೆರವಾಗುವುದು ಇನ್ನೊಂದು ನಲ್ಲಿ ಕೆಟ್ಟಾಗ ಮಾತ್ರ.

ಹಾಗಾದರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವುದನ್ನು ಕೊಳ್ಳಲಿ ಎಂಬುದಲ್ಲ. ಯಾವುದು ಕೆಟ್ಟೀತು ಎಂಬುದು. ಕೇಡಿನ ಬಗೆಗಳು ಮುಖ್ಯವಾಗಿ ಮೂರು. ಬಾಯಿತುಂಡು ಹರಿಯಬಹುದು, ಇಲ್ಲವೆ ಎರಡನೆಯ ಹಂತದೊಳಗೆ ಮರಳು ಸೇರಬಹುದು. ಇದಕ್ಕೆ ಆಕ್ಟೋಪಸ್ ತಕ್ಕ ಪರಿಹಾರ. ಎರಡನೆಯದಾಗಿ, ಮೊದಲನೆಯ ಹಂತ ಕೆಡಬಹುದು, ಇಲ್ಲವೆ ಕೊಳವೆ ಒಡೆಯಬಹುದು. ಆಗ ಗಾಳಿ ನಿಲ್ಲುವುದಕ್ಕಿಂತ ಎಡೆಬಿಡದೆ ಸೋರುವುದೇ ಹೆಚ್ಚು. ಸಿಲಿಂಡರು ನೋಡನೋಡುತ್ತಲೇ ಬರಿದಾಗುತ್ತದೆ. ಮೂರನೆಯದು, ಮಾಪಕವನ್ನು ನೋಡಲು ಮರೆತು ಗಾಳಿಯನ್ನೇ ಮುಗಿಸಿಕೊಳ್ಳುವುದು. ಕೊನೆಯ ಈ ಎರಡು ಕೇಡುಗಳಲ್ಲಿ ನಮ್ಮ ಆಕ್ಟೋಪಸ್ ನಮ್ಮನ್ನು ಉಳಿಸಲಾರದು. ನಮ್ಮನ್ನು ಉಳಿಸುವುದು ಜೊತೆಗಾರನ ಆಕ್ಟೋಪಸ್. ಅವನನ್ನು ಉಳಿಸುವುದು ನಮ್ಮದು. ಜೊತೆಗಾರ 15 ಮೀಟರು ದೂರದಲ್ಲಿ ಮೀನು ನೋಡುತ್ತ ಮೈಮರೆತಿದ್ದರೆ ಈ ಏರ್ಪಾಡಿನ ಬೆಲೆ ಸೊನ್ನೆ.

ಈಗ ಆಯ್ಕೆಗಳನ್ನು ಪರಿಶೀಲಿಸೋಣ. ಸಾಮಾನ್ಯ ಆಕ್ಟೋಪಸ್ ಹಳದಿ ಬಣ್ಣದ್ದಾಗಿದ್ದು ಎದೆಯ ಮೇಲೆ ಕಣ್ಣಿಗೆ ಬೀಳುವಂತೆ ಸಿಕ್ಕಿಸಿರಬೇಕು. ಜೋತಾಡುತ್ತ ತಳದ ಮರಳಿನಲ್ಲಿ ಎಳೆದಾಡಬಾರದು. ಕೆಲವರು ಇದನ್ನು ತೇಲುವ ಅಂಗಿಗೆ ಗಾಳಿ ತುಂಬುವ ಕೊಳವೆಯೊಡನೆಯೇ ಕೂಡಿಸುತ್ತಾರೆ. ಒಂದು ಕೊಳವೆ ಉಳಿಯುತ್ತದೆ, ನಿಜ. ಆದರೆ ಆಪತ್ತಿನಲ್ಲಿ ಉಸಿರಾಟಕ್ಕೂ ತೇಲುವಿಕೆಯ ಹತೋಟಿಗೂ ಒಂದೇ ಉಪಕರಣವನ್ನು ನೆಚ್ಚಬೇಕಾಗುತ್ತದೆ. ಮೂರನೆಯ ಕ್ರಮವನ್ನು ಗುಹೆಗಳಲ್ಲಿ ಮುಳುಗುವವರು ರೂಢಿಗೆ ತಂದರು. ಬಾಯಲ್ಲಿರುವುದಕ್ಕೆ 2 ಮೀಟರಿನಷ್ಟು ಉದ್ದದ ಕೊಳವೆ. ಹೆಚ್ಚಿನದನ್ನು ದಾರದಿಂದ ಕೊರಳಿಗೆ ಕಟ್ಟಿ ಗದ್ದದ ಕೆಳಗೆ ಇಟ್ಟುಕೊಳ್ಳುವುದು. ಜೊತೆಗಾರ ಗಾಳಿಗಾಗಿ ತವಕಿಸಿ ಬಂದಾಗ ಬಾಯಲ್ಲಿದ್ದುದನ್ನೇ ಅವನಿಗೆ ಕೊಟ್ಟು, ಕೊರಳಿನದನ್ನು ತಾನು ಕಚ್ಚಿಕೊಳ್ಳುವುದು. ಕೊಡುವ ಬಾಯಿತುಂಡು ಆ ಕ್ಷಣದವರೆಗೂ ಕೆಲಸ ಮಾಡುತ್ತಿದ್ದುದೆಂಬುದರಲ್ಲಿ ಸಂಶಯವಿರುವುದಿಲ್ಲ. ಇದು ದೊಡ್ಡ ಗುಣ.

ನಾಲ್ಕನೆಯದೇ ನಿಜವಾದ ಎರಡನೆಯ ಟಾಕಿ: ಬೇರೆ ರೆಗ್ಯುಲೇಟರು, ಬೇರೆ ಮಾಪಕಗಳುಳ್ಳ ಚಿಕ್ಕ ಸಿಲಿಂಡರು. ಅದು ಎಷ್ಟು ದೊಡ್ಡದಿರಬೇಕು? ಗಾಬರಿಗೊಂಡವನು ನೆಲದ ಮೇಲೆ ನಿಮಿಷಕ್ಕೆ 30 ಲೀಟರು ಗಾಳಿಯನ್ನು ಉಸಿರಾಡುವನೆಂದು ಇಟ್ಟುಕೊಳ್ಳೋಣ. 30 ಮೀಟರು ಆಳದಲ್ಲಿ ಒತ್ತಡ 4 ವಾಯುಭಾರ. ಸಾವರಿಸಿಕೊಳ್ಳಲು ತಗಲುವ ಒಂದು ನಿಮಿಷಕ್ಕೆ 120 ಲೀಟರು ಬೇಕು. ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿನವರೆಗೆ ಏರಲು ಸುಮಾರು 3 ನಿಮಿಷ, ಸರಾಸರಿ ಒತ್ತಡ 2.75, ಇದಕ್ಕೆ ಸುಮಾರು 250 ಲೀಟರು. ರಕ್ತದಲ್ಲಿ ಕರಗಿದ ನೈಟ್ರೋಜನ್ ಮೆಲ್ಲನೆ ಹೊರಬೀಳಲೆಂದು ಅಲ್ಲಿ 3 ನಿಮಿಷ ತಂಗಲು 135. ಉಳಿದ ದಾರಿಗೆ 25. ಒಟ್ಟು 530 ಲೀಟರು. 3 ಲೀಟರು ಗಾತ್ರದ ಸಿಲಿಂಡರು 200 ವಾಯುಭಾರದಲ್ಲಿ 600 ಲೀಟರನ್ನು ಹಿಡಿಯುತ್ತದೆ, ಸಾಕು. ಕೈಯಲ್ಲಿ ಹಿಡಿಯಬಹುದಾದ ಅರ್ಧ ಲೀಟರಿನ ಪುಟ್ಟ ಸಿಲಿಂಡರಿನಲ್ಲಿ 100 ಲೀಟರು ಮಾತ್ರ; ಆ ಆಳದಲ್ಲಿ ಅದು ಒಂದು ನಿಮಿಷಕ್ಕೂ ಬಾರದು! ಅದೇ 18 ಮೀಟರಿನಿಂದ ಮೇಲೇರಲು ಒಟ್ಟು ಸುಮಾರು 340 ಲೀಟರು ಸಾಕು.

ನಮ್ಮ ತೀರ್ಮಾನವನ್ನು ವಿದ್ಯಾರ್ಥಿಗೆ ಹೀಗೆ ತಿಳಿಸಿದೆವು. 18 ಮೀಟರಿನೊಳಗೆ, ತಿಳಿನೀರಿನಲ್ಲಿ, ತಮ್ಮನು ಕೈಗೆಟಕುವಷ್ಟು ಹತ್ತಿರವಿದ್ದರೆ ಉದ್ದ ಕೊಳವೆಯ ಏರ್ಪಾಡು ಇಬ್ಬರಿಗೂ ಸಾಕು. ಅದಕ್ಕಿಂತ ಆಳಕ್ಕೆ ಇಳಿಯುವುದಾದರೆ, ಇಲ್ಲವೆ ಕದಡಿದ ನೀರಿನಲ್ಲಿ ಒಬ್ಬರನ್ನೊಬ್ಬರು ಕಾಣಲಾಗದಿದ್ದರೆ, 3 ಲೀಟರಿನ ಬೇರೆ ಸಿಲಿಂಡರು ಬೇಕೇ ಬೇಕು. ಅದರ ಗಾಳಿಯನ್ನು ಎಂದಿಗೂ ಮುಳುಗುವ ಲೆಕ್ಕಕ್ಕೆ ಸೇರಿಸಬಾರದು. ಯಾವ ಏರ್ಪಾಡಾದರೂ ಮೇಲೇರುವಾಗ ಉಸಿರನ್ನು ಬಿಗಿಹಿಡಿಯಬಾರದು. 10 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡರಷ್ಟು ಹಿಗ್ಗುತ್ತದೆ.

ಅಣ್ಣತಮ್ಮಂದಿರು ಈಗ ಈಜುಕೊಳದಲ್ಲಿ, ಶಿಕ್ಷಕರ ಕಣ್ಣೆದುರಿಗೆ, ಬಾಯಲ್ಲಿದ್ದುದನ್ನು ಒಬ್ಬರಿಗೊಬ್ಬರು ಕೊಡುವ ಅಭ್ಯಾಸ ಮಾಡುತ್ತಿದ್ದಾರೆ. ಕೊಡುವುದಕ್ಕಿಂತ, ಕೊಟ್ಟ ಮೇಲೆ ಬರಿಬಾಯಲ್ಲಿ ಕಳೆಯಬೇಕಾದ ಆ ಎರಡು ಕ್ಷಣಗಳೇ ಕಷ್ಟವೆಂದು ಅಣ್ಣ ಹೇಳಿದ. ಮಳೆಗಾಲ ಕಳೆದ ಮೇಲೆ ಕಡಲಿಗೆ ಹೊರಡುವ ನಮ್ಮ ಸೀಮೆಯ ತರುಣರೂ ಇಷ್ಟನ್ನು ಮಾಡಲಿ. ಸಲಕರಣೆ ಬಾಡಿಗೆಯದಾದರೂ ನೀರಿಗಿಳಿಯುವ ಮುನ್ನ ಎರಡೂ ಬಾಯಿತುಂಡುಗಳಿಂದ ನಾಲ್ಕಾರು ಸಲ ಉಸಿರಾಡಿ, ಆಗ ಮಾಪಕದ ಮುಳ್ಳನ್ನು ನೋಡಲಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಏಳುತ್ತಿದ್ದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲವೆಂದೇ ತಿಳಿಯಬೇಕು. ಅದನ್ನು ದೋಣಿಯ ಮೇಲೆಯೇ ಸರಿಪಡಿಸಿಕೊಂಡು ಆಮೇಲೆ ನೀರಿಗಿಳಿಯಲಿ.