ತಿಂಗಳಿಗೆ 60 ರೂ. ಉಳಿತಾಯ, ಅಸಲು ಹುಟ್ಟಲು 40 ತಿಂಗಳು!
ಡಿಶ್ ಬದಲಿಸುವ ಮುನ್ನ ಹೊರನಾಡ ಕನ್ನಡಿಗರ ಮನೆಗಳು ಹಾಕಬೇಕಾದ ಲೆಕ್ಕ

ಮಳೆಗಾಲ ಹಿಡಿದು ಎರಡು ವಾರ ಆಗುವುದರೊಳಗೆ ಮುಂಬಯಿ ಉಪನಗರಗಳ ಕನ್ನಡಿಗರ ಮನೆಗಳಲ್ಲಿ ವರ್ಷವೂ ಒಂದು ಮಾತು ಏಳುತ್ತದೆ. 'ಈ ಡಿಶ್ ಸಾಕು, ಬೇರೆ ಕಂಪೆನಿಯದ್ದು ಹಾಕಿಸುವಾ.' ಸಂಜೆಯ ಧಾರಾವಾಹಿ ಮುಖ್ಯ ಘಟ್ಟಕ್ಕೆ ಬಂದಾಗಲೇ ಪರದೆ ಚೌಕ ಚೌಕವಾಗಿ ಒಡೆದು, ಕೊನೆಗೆ ಸಿಗ್ನಲ್ ಇಲ್ಲ ಎಂಬ ಒಂದು ಸಾಲು ಮಾತ್ರ ಉಳಿಯುತ್ತದೆ. ಸರಿಯಾಗಿ ಅದೇ ವಾರ ಯಜಮಾನರ ಮೊಬೈಲಿಗೆ ಕರೆ ಬರುತ್ತದೆ: ನಮ್ಮಲ್ಲಿಗೆ ಬನ್ನಿ ಸರ್, ತಿಂಗಳಿಗೆ ಇಷ್ಟು ಕಡಿಮೆ, ಮೊದಲ ತಿಂಗಳು ಉಚಿತ.

ಡೊಂಬಿವಲಿಯ ಒಂದು ಸಾಮಾನ್ಯ ಮನೆಯನ್ನು ಕಣ್ಣ ಮುಂದೆ ತಂದುಕೊಂಡರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಉಡುಪಿ ಕಡೆಯಿಂದ ಬಂದು ಮಗನ ಜತೆ ಇರುವ ತಾಯಿ. ಮಕ್ಕಳಿಗೆ ಹಿಂದಿ, ಕಾರ್ಟೂನ್. ನೆರೆಮನೆಯ ಸಹವಾಸದಿಂದ ಸೊಸೆಗೆ ಒಂದೆರಡು ಮರಾಠಿ ಧಾರಾವಾಹಿ. ಅತ್ತೆಗೆ ಕನ್ನಡ ಬಿಟ್ಟು ಬೇರೇನೂ ಬೇಡ. ಡಿಶ್ ಬದಲಿಸುವ ಮಾತು ಬಂದಾಗ ಇಂಥ ಮನೆಯ ಹಿರಿಯರ ಬಾಯಿಯಿಂದ ಮೊದಲು ಹೊರಡುವುದು, 'ಏನು ಬೇಕಾದರೂ ಮಾಡು ಮಗಾ, ನನ್ನ ಚಂದನ ಮಾತ್ರ ಹೋಗಬಾರದು' ಎಂಬ ಮಾತು. ಮಗ 'ಹೋಗುವುದಿಲ್ಲ ಅಮ್ಮಾ' ಎನ್ನುತ್ತಾನೆ. ಆದರೆ ಕಂಪೆನಿಯವರನ್ನು ಆತ ಕೇಳಿರುವುದಿಲ್ಲ.

ಮೊದಲು ಮಳೆಯ ವಿಚಾರ. ಡಿಟಿಎಚ್ ಸೇವೆಗಳು ಉಪಗ್ರಹದಿಂದ ಕೆಯು ಬ್ಯಾಂಡ್ ಎಂಬ ಅತಿ ಹೆಚ್ಚಿನ ಆವರ್ತನದ ಅಲೆಗಳನ್ನು ಬಳಸುತ್ತವೆ. ಅದರಿಂದಲೇ ಕಿಟಕಿಯ ಸರಳಿಗೆ ಕಟ್ಟಬಹುದಾದಷ್ಟು ಸಣ್ಣ ಡಿಶ್ ಸಾಕಾಗುತ್ತದೆ. ಆದರೆ ದಟ್ಟ ಮೋಡ, ಜಡಿಮಳೆ ಈ ಅಲೆಗಳನ್ನು ನುಂಗಿಬಿಡುತ್ತವೆ. ಇದು ಒಂದು ಕಂಪೆನಿಯ ದೋಷವಲ್ಲ, ಎಲ್ಲ ಕಂಪೆನಿಗಳ ಡಿಶ್‌ಗೂ ಇರುವ ಮಿತಿ. ಡಿಶ್ ಸ್ವಲ್ಪ ವಾಲಿದ್ದರೆ ಅಥವಾ ತಂತಿಯ ತುದಿಯಲ್ಲಿ ನೀರು ಇಳಿದಿದ್ದರೆ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಅದನ್ನು ಮೆಕ್ಯಾನಿಕ್ ಒಬ್ಬ ಒಂದೇ ಭೇಟಿಯಲ್ಲಿ ಸರಿಮಾಡಿ ಹೋಗಬಲ್ಲ. ಮಳೆಯ ಮೇಲಿನ ಸಿಟ್ಟಿಗೆ ಕಂಪೆನಿ ಬದಲಿಸಿದವರು ಮುಂದಿನ ಆಷಾಢದಲ್ಲಿ ಹೊಸ ಪರದೆಯ ಮುಂದೆ ಹಳೆಯ ಸಿಟ್ಟನ್ನೇ ಮಾಡಬೇಕಾಗುತ್ತದೆ. ಮಳೆಯೇ ಮುಖ್ಯ ಕಾರಣವಾಗಿದ್ದರೆ ಕೇಬಲ್‌ಗೆ ಮರಳುವ ಯೋಚನೆಗಾದರೂ ಅರ್ಥವಿದೆ.

ಲೆಕ್ಕ ಹಾಕಿದರೆ

ಹೊಸ ಕಂಪೆನಿ ತಿಂಗಳಿಗೆ 60 ರೂ. ಕಡಿಮೆ ಹೇಳಿತು ಎಂದಿಟ್ಟುಕೊಳ್ಳಿ. ಹೊಸ ಬಾಕ್ಸ್, ಡಿಶ್, ಜೋಡಣೆ, ತಂತಿ ಎಲ್ಲ ಸೇರಿ 1,800 ರೂ. ಆಯಿತೆನ್ನಿ. ಹಳೆಯ ಖಾತೆಯಲ್ಲಿ ಉಳಿದ ಹಣ, ಅದರಲ್ಲೂ ರಿಯಾಯಿತಿಗೆಂದು ವರ್ಷಕ್ಕೆ ಒಟ್ಟಿಗೆ ಕಟ್ಟಿದ ಹಣ ಹೊಸ ಕಂಪೆನಿಗೆ ವರ್ಗವಾಗುವುದಿಲ್ಲ. ಅಲ್ಲೊಂದು 600 ರೂ. ಬಿಟ್ಟುಕೊಟ್ಟರೆ ಒಟ್ಟು 2,400 ರೂ. ತಿಂಗಳಿಗೆ 60ರಂತೆ ಅದು ಹಿಂದಿರುಗಲು 40 ತಿಂಗಳು, ಅಂದರೆ ಮೂರು ವರ್ಷ ನಾಲ್ಕು ತಿಂಗಳು. ಅಷ್ಟರಲ್ಲಿ ಹೊಸ ಕೊಡುಗೆಯ ಅವಧಿ ಮುಗಿದು ದರ ಏರಿರುವ ಸಾಧ್ಯತೆಯೇ ಹೆಚ್ಚು. ಅಂಕಿಗಳು ಮನೆಯಿಂದ ಮನೆಗೆ ಬೇರೆ, ಲೆಕ್ಕದ ಕ್ರಮ ಮಾತ್ರ ಇದೇ.

ಹಳೆಯ ಬಾಕ್ಸನ್ನೇ ಹೊಸ ಕಂಪೆನಿಗೆ ಬಳಸಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪೆನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಂದು ದೇಶದಾದ್ಯಂತ ಜಾರಿಗೆ ಬಂತು. ಟಿವಿ ಬಾಕ್ಸಿಗೆ ಆ ಭಾಗ್ಯ ಬರಲಿಲ್ಲ. ಒಂದೇ ಬಾಕ್ಸ್ ಎಲ್ಲ ಕಂಪೆನಿಗಳಿಗೂ ಹೊಂದುವಂತಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2020ರ ಏಪ್ರಿಲ್‌ನಲ್ಲಿ ಸರಕಾರಕ್ಕೆ ಶಿಫಾರಸು ಮಾಡಿತ್ತು. ಮುಂಬಯಿಯ ಹೌಸಿಂಗ್ ಸೊಸೈಟಿಗಳ ತಾರಸಿ ಹತ್ತಿ ನೋಡಿದರೆ ಶಿಫಾರಸಿನ ಗತಿ ತಿಳಿಯುತ್ತದೆ: ಯಾರೂ ಇಳಿಸದ, ತುಕ್ಕು ಹಿಡಿದ ಡಿಶ್‌ಗಳ ಸಾಲು.

ಡಿಶ್ ಎಲ್ಲಿಗೆ ಮುಖ ಮಾಡಬೇಕು ಎಂಬುದೂ ಖರ್ಚಿನ ಬಾಬತ್ತೇ. ಭಾರತದ ಡಿಟಿಎಚ್ ಉಪಗ್ರಹಗಳು ಸುಮಾರು 83ರಿಂದ 108 ಡಿಗ್ರಿ ಪೂರ್ವ ರೇಖಾಂಶದ ನಡುವೆ ಹರಡಿವೆ. ಮುಂಬಯಿ ಇರುವುದು 73 ಡಿಗ್ರಿಯ ಹತ್ತಿರ. ಹಾಗಾಗಿ ಒಂದು ಕಂಪೆನಿಯ ಡಿಶ್ ದಕ್ಷಿಣದ ಕಡೆ ಎತ್ತರಕ್ಕೆ ನೋಡಿದರೆ, ಇನ್ನೊಂದರದ್ದು ಪೂರ್ವದ ಕಡೆ ತಗ್ಗಿನಲ್ಲಿ ನೋಡಬೇಕಾಗುತ್ತದೆ. ಎದುರಿಗೆ ಹೊಸ ಟವರ್ ಎದ್ದಿದ್ದರೆ ಕಿಟಕಿಯಲ್ಲಿ ನಡೆಯುತ್ತಿದ್ದ ಡಿಶ್ ತಾರಸಿಗೆ ಹೋಗಬೇಕು. ತಾರಸಿ ಅಂದರೆ ಸೊಸೈಟಿಯ ಅನುಮತಿ, ಹೆಚ್ಚಿನ ತಂತಿ, ಸೆಕ್ರೆಟರಿಯವರ ಮರ್ಜಿ. ಹಣ ಕಟ್ಟುವ ಮೊದಲೇ ಮೆಕ್ಯಾನಿಕ್‌ನನ್ನು ಕರೆಸಿ ಜಾಗ ತೋರಿಸುವುದು ಜಾಣತನ.

ಚಾನೆಲ್ ಒಂದೇ, ಬೆಲೆಯೂ ಒಂದೇ

ಹೆಚ್ಚಿನವರ ಗಮನಕ್ಕೆ ಬಾರದ ಮುಖ್ಯ ಸಂಗತಿ ಇದು. 2006ರ ಕೊನೆಯ ದಿನ ದಕ್ಷಿಣ ಮುಂಬಯಿಯಲ್ಲಿ ಕ್ಯಾಸ್ ಪದ್ಧತಿ ಬಂದಾಗ ಉಚಿತ ಚಾನೆಲ್‌ಗಳಿಗೆ 77 ರೂ., ಹಣ ಕೊಟ್ಟು ನೋಡುವ ಚಾನೆಲ್ ಒಂದಕ್ಕೆ 5 ರೂ. ಎಂದು ದರ ಗೊತ್ತುಪಡಿಸಲಾಗಿತ್ತು. ಉಪನಗರಗಳಲ್ಲಿ ಆಗ ಕೇಬಲ್‌ವಾಲಾನದ್ದೇ ರಾಜ್ಯ; ಕಟ್ಟಡದಲ್ಲಿ ನಾಲ್ಕು ಕನ್ನಡ ಮನೆಗಳು ಸೇರಿ ಬೆನ್ನು ಹತ್ತಿದರೆ ಉದಯ ಟಿವಿ ಬರುತ್ತಿತ್ತು, ಇಲ್ಲವಾದರೆ ಇಲ್ಲ. 2012ರ ಅಕ್ಟೋಬರ್ 31ರ ಬಳಿಕ ನಗರದ ಕೇಬಲ್ ಡಿಜಿಟಲ್ ಆಯಿತು. 2019ರ ಫೆಬ್ರವರಿಯಿಂದ ಟ್ರಾಯ್‌ನ ಹೊಸ ದರ ನೀತಿ ಪೂರ್ಣವಾಗಿ ಜಾರಿಗೆ ಬಂತು. ಅಂದಿನಿಂದ ಪ್ರತಿ ಪೇ ಚಾನೆಲ್‌ನ ಗರಿಷ್ಠ ಬೆಲೆಯನ್ನು ಚಾನೆಲ್‌ನವರೇ ಘೋಷಿಸುತ್ತಾರೆ. ಕೇಬಲ್ ಇರಲಿ, ಯಾವ ಡಿಟಿಎಚ್ ಇರಲಿ, ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಅಂದ ಮೇಲೆ ಕಂಪೆನಿ ಬದಲಿಸಿದ ಮಾತ್ರಕ್ಕೆ ಜೀ ಕನ್ನಡ ಅಥವಾ ಕಲರ್ಸ್ ಕನ್ನಡ ಅರ್ಧ ಬೆಲೆಗೆ ಸಿಗಲಾರದು.

ವ್ಯತ್ಯಾಸ ಇರುವುದು ಎರಡೇ ಕಡೆ. ಒಂದು, ಕಂಪೆನಿ ತಾನೇ ಕಟ್ಟುವ ಪ್ಯಾಕ್. ಇನ್ನೊಂದು, ಸಂಪರ್ಕ ಶುಲ್ಕ. 2019ರಲ್ಲಿ ಈ ಶುಲ್ಕಕ್ಕೆ 130 ರೂ. ಮಿತಿ ಇತ್ತು, ಜಿಎಸ್‌ಟಿ ಸೇರಿ 153.40 ರೂ. ಮೊದಲು ಅದರಲ್ಲಿ 100 ಚಾನೆಲ್, 2020ರ ತಿದ್ದುಪಡಿಯ ನಂತರ 200. 2024ರ ಜುಲೈಯಲ್ಲಿ ಟ್ರಾಯ್ ಆ ಮಿತಿಯನ್ನೇ ತೆಗೆದುಹಾಕಿತು. ಈಗ ಕಂಪೆನಿಗಳು ತಮ್ಮ ತಮ್ಮ ಶುಲ್ಕ ನಿಗದಿಪಡಿಸಿ ಪ್ರಕಟಿಸಬಹುದು. ಹೋಲಿಸುವುದಿದ್ದರೆ ಇದನ್ನು ಹೋಲಿಸಬೇಕು, ಜಾಹೀರಾತಿನ ದೊಡ್ಡ ಅಕ್ಷರದ ದರವನ್ನಲ್ಲ. ಎರಡನೇ ಟಿವಿ ಇದ್ದರೆ ಅದರ ಶುಲ್ಕವನ್ನೂ ಪ್ರತ್ಯೇಕವಾಗಿ ಕೇಳಬೇಕು.

ಕನ್ನಡ ಎಂಬ ಹೆಚ್ಚುವರಿ ಬಾಬತ್ತು

ಮಹಾರಾಷ್ಟ್ರದ ವಿಳಾಸ ಕೊಟ್ಟ ಕೂಡಲೇ ಎದುರಿಗೆ ಬರುವುದು ಹಿಂದಿ-ಮರಾಠಿ ಪ್ಯಾಕ್. ಅದು ಸಹಜ. ಆದರೆ ಕನ್ನಡದ ಮನೆ ಅದರ ಮೇಲೆ ಇನ್ನೊಂದು ಸುತ್ತು ಹಣ ಕೊಡಬೇಕು. ಬೆಂಗಳೂರಿನ ಮನೆಗೆ ಮೂಲ ಪ್ಯಾಕ್‌ನಲ್ಲೇ ಸಿಗುವ ಚಾನೆಲ್‌ಗಳು ಇಲ್ಲಿ 'ಹೆಚ್ಚುವರಿ'. ನಾಲ್ಕು ಮನರಂಜನಾ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ತಲಾ 19 ರೂ.ಗೆ ತೆಗೆದುಕೊಂಡರೆ 76 ರೂ., ತೆರಿಗೆ ಸೇರಿ ಸುಮಾರು 90 ರೂ. ಗುಚ್ಛದಲ್ಲಿ ತೆಗೆದುಕೊಂಡರೆ ಅಗ್ಗವಾಗಬಹುದು, ಜತೆಗೆ ಬೇಡದ್ದೂ ಬರುತ್ತದೆ. ಫೋನಿನಲ್ಲಿ ಮಾತಾಡುವ ಹುಡುಗ 'ಸೌತ್ ಪ್ಯಾಕ್ ಇದೆ' ಎಂದರೆ ಅಷ್ಟಕ್ಕೆ ಒಪ್ಪುವಂತಿಲ್ಲ. ಸೌತ್ ಎಂದರೆ ಅದರಲ್ಲಿ ತಮಿಳು, ತೆಲುಗು ತುಂಬಿ ಕನ್ನಡ ಎರಡೇ ಇರಬಹುದು. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಮನೆಯವರು ನೋಡುವ ಸುದ್ದಿ ಚಾನೆಲ್, ಸಿನಿಮಾ ಚಾನೆಲ್ ಎಂದು ಹೆಸರು ಹಿಡಿದೇ ಕೇಳಬೇಕು. ಎಚ್‌ಡಿ ಬೇಕಿದ್ದರೆ ಕನ್ನಡದ ಎಚ್‌ಡಿ ಅಲ್ಲಿದೆಯೇ ಎಂದೂ ಕೇಳಬೇಕು. ಚಂದನ ದೂರದರ್ಶನದ್ದು, ಅದಕ್ಕೆ ಬಿಡಿ ಹಣವಿಲ್ಲ. ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್‌ನಲ್ಲೂ ಬರುತ್ತದೆ. ಹಿರಿಯರಿಗೆ ಅಷ್ಟೇ ಸಾಕಾಗಿದ್ದರೆ ಅದೂ ಒಂದು ದಾರಿ.

ಹಣದಲ್ಲಿ ಅಳೆಯಲಾಗದ ಬಾಬತ್ತುಗಳು ಬೇರೆ. ಎಪ್ಪತ್ತು ದಾಟಿದವರು ಚಾನೆಲ್ ಹುಡುಕುವುದು ಹೆಸರಿನಿಂದಲ್ಲ, ನಂಬರಿನಿಂದ. ಡಿಶ್ ಬದಲಾದರೆ ಆ ನಂಬರ್‌ಗಳೆಲ್ಲ ಬದಲು. ಮಗ ಆಫೀಸಿನಿಂದ, ಸೊಸೆ ಕೆಲಸದಿಂದ ಬರುವವರೆಗೆ ಟಿವಿ ಇದ್ದೂ ಇಲ್ಲದಂತೆ. ರೆಕಾರ್ಡಿಂಗ್ ಇರುವ ಬಾಕ್ಸ್ ಆದರೆ ಅದರಲ್ಲಿ ತುಂಬಿಟ್ಟ ಯಕ್ಷಗಾನ, ಹಳೆಯ ಸಿನಿಮಾ, ಊರಿನ ಜಾತ್ರೆಯ ಪ್ರಸಾರ ಆ ಬಾಕ್ಸ್‌ನೊಂದಿಗೇ ಹೋಯಿತು, ಬೇರೆ ಬಾಕ್ಸಿನಲ್ಲಿ ತೆರೆಯುವುದಿಲ್ಲ. ಇದನ್ನು ಮೊದಲೇ ಹೇಳುವ ಮಾರಾಟಗಾರ ಅಪರೂಪ. ಮೊಬೈಲ್ ಆ್ಯಪ್ ಇರುವಾಗ ಡಿಶ್ ಯಾಕೆ ಎನ್ನುವ ಯುವಕರ ವಾದದಲ್ಲೂ ಹುರುಳಿದೆ, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಇನ್ನೂ ಸರಿ. ಆದರೆ ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಪಾಸ್‌ವರ್ಡ್ ಕೇಳುವ ಟಿವಿ ಕೊಟ್ಟು ಏನು ಪ್ರಯೋಜನ?

ಬದಲಿಸಲೇಬಾರದೆಂದಲ್ಲ. ಬೇಕಾದ ಕನ್ನಡ ಚಾನೆಲ್ ಈಗಿನಲ್ಲಿ ಇಲ್ಲವೇ ಇಲ್ಲ, ದೂರು ಕೊಟ್ಟರೂ ಮೆಕ್ಯಾನಿಕ್ ಬರುವುದಿಲ್ಲ, ಬಾಕ್ಸ್ ಹೇಗೂ ಕೆಟ್ಟಿದೆ ಎಂಬಂಥ ಸಂದರ್ಭದಲ್ಲಿ ಬದಲಿಸುವುದೇ ಲೇಸು. ಉಳಿದವರು ಮೊದಲು ಈಗಿನ ಬಿಲ್ಲನ್ನೇ ಬಿಡಿಸಿ ನೋಡಬಹುದು. ಡೊಂಬಿವಲಿಯ ಆ ಮನೆಯಲ್ಲಿ ಒಂದು ಭಾನುವಾರ ಕುಳಿತು ಪಟ್ಟಿ ಮಾಡಿದರೆ ಏನೆಲ್ಲ ಹೊರಬಂದೀತು? ಯಾರೂ ನೋಡದ ಇಂಗ್ಲಿಷ್ ಗುಚ್ಛ, ವಿಶ್ವಕಪ್ ಸಮಯದಲ್ಲಿ ಹಾಕಿಸಿ ಮರೆತ ಕ್ರೀಡಾ ಚಾನೆಲ್, ಒಂದೇ ಚಾನೆಲ್‌ನ ಎಚ್‌ಡಿ ಮತ್ತು ಸಾದಾ ರೂಪ ಎರಡೂ. ಇವನ್ನು ತೆಗೆಸಿದರೆ 60 ರೂ. ಅಲ್ಲಿಯೇ ಉಳಿದೀತು. ಮೆಕ್ಯಾನಿಕ್ ಒಮ್ಮೆ ಬಂದು ಡಿಶ್ ಬಿಗಿದು ತಂತಿಯ ತುದಿ ಬದಲಿಸಿ ಹೋದಾನು. ಚಂದನದ ನಂಬರ್ ಮಾತ್ರ ಹಾಗೆಯೇ, ರಿಮೋಟಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.