ಹಟ್ಟಿಯಿಂದ ಸೊಸೈಟಿಗೆ: ಹಾಲಿನ ಚೀಟಿ ಓದೋಣ

ಎಣ್ಮಕಜೆಯಲ್ಲಿ ಗುಡ್ಡ ಉಂಟು, ತೋಟ ಉಂಟು. ಹಲವು ಮನೆಗಳಲ್ಲಿ ಹಟ್ಟಿಯೂ ಉಂಟು. ಅಡಿಕೆ ತೋಟಕ್ಕೆ ಗೊಬ್ಬರ ಬೇಕು. ಮನೆಗೆ ಹಾಲು ಬೇಕು. ಮಿಕ್ಕ ಹಾಲನ್ನು ಸೊಸೈಟಿಗೆ ಕೊಟ್ಟರೆ ಕೈಗೆ ನಾಲ್ಕು ಕಾಸು ಬರುತ್ತದೆ.

ನಿಮ್ಮ ಮನೆಯಲ್ಲಿ ದನ ಉಂಟೇ? ಹಾಗಾದರೆ ಬೆಳಗ್ಗಿನ ಕೆಲಸ ನಿಮಗೆ ಗೊತ್ತು. ಹಾಲು ಕರೆಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಒಂದು ಮಾತು. ಸೊಸೈಟಿಯಲ್ಲಿ ಹಾಲು ಅಳೆದ ಮೇಲೆ ಒಂದು ಚೀಟಿ ಕೊಡುತ್ತಾರೆ. ಅದನ್ನು ನೀವು ಓದುತ್ತೀರಾ? ಎಷ್ಟೋ ಮಂದಿ ಮಡಚಿ ಸೆರಗಿಗೆ ಕಟ್ಟುತ್ತಾರೆ, ಇಲ್ಲವೇ ಕಿಸೆಗೆ ಹಾಕುತ್ತಾರೆ. ಮನೆಗೆ ಬಂದು ಗೋಡೆಯ ಮೊಳೆಗೆ ಚುಚ್ಚುತ್ತಾರೆ. ಅಷ್ಟಕ್ಕೆ ಮುಗಿಯಿತು.

ಈಗ ನಿಮಗೆ ಓದಲು ಬರುತ್ತದೆ. ಆ ಚೀಟಿಯಲ್ಲಿ ನಿಮ್ಮ ಬೆಳಗ್ಗಿನ ಕೆಲಸದ ಫಲ ಅಂಕೆಗಳಾಗಿ ಬರೆದಿದೆ. ಯಾವ ಕೆಲಸದಿಂದ ಅಂಕೆ ಏರುತ್ತದೆ? ಯಾವುದರಿಂದ ಇಳಿಯುತ್ತದೆ? ಹಟ್ಟಿಯಿಂದಲೇ ಶುರು ಮಾಡೋಣ.

ಮೊದಲ ಕೆಲಸ: ನೋಡುವುದು

ಬೆಳಿಗ್ಗೆ ಹಟ್ಟಿಗೆ ಹೋದ ಕೂಡಲೇ ಬಾಲ್ದಿ ಹಿಡಿಯಬೇಡಿ. ಒಂದು ನಿಮಿಷ ನಿಂತು ದನವನ್ನು ನೋಡಿ.

ಎದ್ದು ನಿಂತಿದೆಯೇ? ರಾತ್ರಿ ಹಾಕಿದ ಬೈಹುಲ್ಲು ತಿಂದಿದೆಯೇ? ಮೆಲುಕು ಹಾಕುತ್ತಿದೆಯೇ? ಸೆಗಣಿ ತೀರ ನೀರಾಗಿದೆಯೇ? ಮೂಗಿನ ತುದಿ ಒದ್ದೆಯಾಗಿದೆಯೇ? ಆರೋಗ್ಯದ ದನದ ಮೂಗು ಒದ್ದೆ ಇರುತ್ತದೆ. ಜ್ವರ ಬಂದ ದನದ ಮೂಗು ಒಣಗಿರುತ್ತದೆ.

ನೋಡುವ ಕಣ್ಣು ಎಷ್ಟು ದೊಡ್ಡದು ಎಂಬುದು ನಮ್ಮ ಊರಿಗೇ ಗೊತ್ತು. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿಯ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಪಡ್ರೆಯಲ್ಲಿ ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದವು. ಅದನ್ನು ದನ ಸಾಕುವವರು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಪತ್ರಿಕೆಯಲ್ಲಿ ಬರೆದರು. ಮನುಷ್ಯರ ಕಷ್ಟ ಹೊರಲೋಕಕ್ಕೆ ತಿಳಿದದ್ದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ಮದ್ದನ್ನು ನಿಲ್ಲಿಸಿತು.

ಹಾಗಾಗಿ ಹಟ್ಟಿಯಲ್ಲಿ ಏನಾದರೂ ಬದಲಾವಣೆ ಕಂಡರೆ ಸುಮ್ಮನೆ ಬಿಡಬೇಡಿ. ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ಮೃಗಾಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಮದ್ದು ಹೊಡೆದ ಜಾಗದ ಹುಲ್ಲನ್ನು ದನಕ್ಕೆ ಹಾಕಬೇಡಿ.

ಎರಡನೆಯ ಕೆಲಸ: ಚೊಕ್ಕ ಮಾಡುವುದು

ಸೆಗಣಿ ತೆಗೆಯಿರಿ. ನೆಲಕ್ಕೆ ನೀರು ಹಾಕಿ ಗುಡಿಸಿ. ಆ ನೀರು ಹೋಗಲು ಸ್ವಲ್ಪ ಹೊತ್ತು ಬಿಡಿ. ಕರೆಯುವಾಗ ಧೂಳು ಏಳಬಾರದು. ಒಣ ಬೈಹುಲ್ಲನ್ನೂ ಆಗ ಕೊಡಹಬೇಡಿ.

ಸೊಪ್ಪಿನ ಹಟ್ಟಿಯಾದರೆ ಹೊಸ ಸೊಪ್ಪು ಹಾಕಿ. ಹಸಿ ಗೊಬ್ಬರದಲ್ಲಿ ಮಲಗಿದ ದನದ ಕೆಚ್ಚಲಿಗೆ ರೋಗ ಬೇಗ ಹತ್ತುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು.

ಈಗ ನಿಮ್ಮ ಕೈ ಸೋಪು ಹಾಕಿ ತೊಳೆಯಿರಿ. ಕೆಚ್ಚಲನ್ನು ಶುದ್ಧ ನೀರಿನಿಂದ ತೊಳೆಯಿರಿ. ಒಣ ಬಟ್ಟೆಯಿಂದ ಒರೆಸಿ. ಒರೆಸುವುದನ್ನು ಮರೆಯಬೇಡಿ. ಒರೆಸದಿದ್ದರೆ ಕೊಳೆ ನೀರು ಮೊಲೆತೊಟ್ಟಿನಿಂದ ಇಳಿದು ಬಾಲ್ದಿಗೆ ಬೀಳುತ್ತದೆ. ಎರಡು ದನ ಇದ್ದರೆ ಎರಡು ಬಟ್ಟೆ ಇಡಿ. ಒಂದರ ರೋಗ ಇನ್ನೊಂದಕ್ಕೆ ದಾಟಬಾರದು.

ಮೂರನೆಯ ಕೆಲಸ: ಮೊದಲ ಹಾಲು ಬೇರೆ

ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆ ಬಾಲ್ದಿಗೆ ಬೇಡ. ಒಂದು ಸಣ್ಣ ಪಾತ್ರೆಗೆ ಹಿಂಡಿ. ಕಪ್ಪು ಬಣ್ಣದ ತಟ್ಟೆ ಇದ್ದರೆ ಒಳ್ಳೆಯದು. ಕಪ್ಪಿನ ಮೇಲೆ ಬಿಳಿ ಚೆನ್ನಾಗಿ ಕಾಣುತ್ತದೆ.

ಹಾಲಿನಲ್ಲಿ ಸಣ್ಣ ಗರಣೆ ಉಂಟೇ? ನೀರಿನ ಹಾಗೆ ಉಂಟೇ? ರಕ್ತದ ಎಳೆ ಉಂಟೇ? ಇದ್ದರೆ ಅದು ಕೆಚ್ಚಲು ಬಾವು. ಆ ಹಾಲನ್ನು ಬೇರೆ ಇಡಿ. ಹಟ್ಟಿಯ ನೆಲಕ್ಕೆ ಚೆಲ್ಲಬೇಡಿ. ಚೆಲ್ಲಿದರೆ ರೋಗ ಅಲ್ಲಿಯೇ ಉಳಿಯುತ್ತದೆ. ಅಂದೇ ಡಾಕ್ಟರಿಗೆ ಹೇಳಿ. ತಡ ಮಾಡಿದರೆ ಆ ತೊಟ್ಟು ಬತ್ತಿ ಹೋಗಬಹುದು.

ದನಕ್ಕೆ ಮದ್ದು ಕೊಟ್ಟರೆ ಇನ್ನೊಂದು ಎಚ್ಚರ ಬೇಕು. ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಸೊಸೈಟಿಗೆ ಕೊಡಬಾರದು, ಮಕ್ಕಳಿಗೂ ಕೊಡಬಾರದು. ಹಾಲಿಗೆ ಸೇರಿದ ಮದ್ದು ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ನಾಲ್ಕನೆಯ ಕೆಲಸ: ಕರೆಯುವುದು

ಕರು ಬಂದು ಕೆಚ್ಚಲಿಗೆ ಗುದ್ದುತ್ತದೆ. ಇಲ್ಲವೇ ನೀವು ಕೆಚ್ಚಲು ತೊಳೆದು ಸವರುತ್ತೀರಿ. ಆಗ ದನ ಸೊರೆ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ಇದು ಹೇಗೆ? ದನದ ಮೆದುಳಿನಿಂದ ಒಂದು ರಸ ರಕ್ತಕ್ಕೆ ಸೇರುತ್ತದೆ. ಅದು ಕೆಚ್ಚಲಿಗೆ ಬಂದು ಹಾಲನ್ನು ಕೆಳಗೆ ದೂಡುತ್ತದೆ. ಆದರೆ ಆ ರಸದ ಬಲ ಇರುವುದು ಸುಮಾರು ಐದರಿಂದ ಏಳು ನಿಮಿಷ ಮಾತ್ರ. ಅಷ್ಟರೊಳಗೆ ಕರೆದು ಮುಗಿಸಬೇಕು.

ನಡುವೆ ಎದ್ದು ಹೋದರೆ, ಮಾತಿಗೆ ನಿಂತರೆ ಆ ಹೊತ್ತು ಕಳೆಯುತ್ತದೆ. ದನವನ್ನು ಬೈದರೂ, ಹೊಡೆದರೂ ಹಾಗೆಯೇ. ಹೆದರಿದ ದನ ಹಾಲು ಎಳೆದುಕೊಳ್ಳುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ, ಅದು ನಿಜ. ಹೆದರಿಕೆಯಾದರೆ ಆ ರಸ ಕೆಲಸ ಮಾಡುವುದಿಲ್ಲ.

ಹೆಬ್ಬೆರಳು ಮಡಚಿ ಒತ್ತಿ ಎಳೆದರೆ ತೊಟ್ಟಿಗೆ ನೋವಾಗುತ್ತದೆ. ಇಡೀ ಅಂಗೈಯಲ್ಲಿ ತೊಟ್ಟು ಹಿಡಿದು ಕರೆಯಿರಿ.

ಇನ್ನೊಂದು ಮುಖ್ಯ ಸಂಗತಿ. ಮೊದಲು ಬರುವ ಹಾಲಿನಲ್ಲಿ ಕೊಬ್ಬು ಕಡಿಮೆ. ಕೊನೆಗೆ ಬರುವ ಹಾಲಿನಲ್ಲಿ ಕೊಬ್ಬು ಹೆಚ್ಚು. ಕೊನೆಯ ಹಾಲನ್ನು ಕೆಚ್ಚಲಲ್ಲೇ ಬಿಟ್ಟರೆ ಚೀಟಿಯಲ್ಲಿ ಅಂಕೆ ಇಳಿಯುತ್ತದೆ. ಕರುವಿಗೆ ಹಾಲು ಬೇಕೇ ಬೇಕು. ಅದರ ಪಾಲನ್ನು ಮೊದಲೇ ಕುಡಿಸಿ. ಆಮೇಲೆ ಪೂರ್ತಿ ಕರೆಯಿರಿ.

ಕರೆದ ಮೇಲೆ ದನ ಮಲಗಬಾರದು

ಕರೆದ ಕೂಡಲೇ ಮೊಲೆತೊಟ್ಟಿನ ಬಾಯಿ ಮುಚ್ಚುವುದಿಲ್ಲ. ಅರ್ಧ ಗಂಟೆಯಷ್ಟು ಹೊತ್ತು ತೆರೆದಿರುತ್ತದೆ. ಆಗ ದನ ಮಲಗಿದರೆ ನೆಲದ ಕೊಳೆ ಒಳಗೆ ಹೋಗುತ್ತದೆ. ಅದಕ್ಕೆ ಸುಲಭದ ಉಪಾಯ ಉಂಟು. ಕರೆದ ಕೂಡಲೇ ಮುಂದೆ ಹುಲ್ಲು ಹಾಕಿ. ತಿನ್ನುವ ದನ ನಿಂತೇ ಇರುತ್ತದೆ. ಒಂದು ಹಿಡಿ ಹುಲ್ಲಿನಿಂದ ಒಂದು ದೊಡ್ಡ ರೋಗ ದೂರ!

ಕುಡಿಯಲು ಧಾರಾಳ ನೀರು ಇಡಿ. ಅಕ್ಕಚ್ಚು ಕೊಟ್ಟರೆ ಸಾಕಾಗದು, ಶುದ್ಧ ನೀರೂ ಬೇಕು. ಹಾಲಿನಲ್ಲಿ ಹೆಚ್ಚಿನ ಪಾಲು ನೀರೇ. ನೀರು ಕಡಿಮೆಯಾದರೆ ಹಾಲು ಕಡಿಮೆಯಾಗುತ್ತದೆ.

ಹಾಲು ಕಾಯುವುದಿಲ್ಲ

ಕರೆದ ಹಾಲು ಬೆಚ್ಚಗಿರುತ್ತದೆ. ಬೆಚ್ಚಗಿನ ಹಾಲಿನಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಬೇಗ ಬೆಳೆಯುತ್ತವೆ. ಅರ್ಧ ಗಂಟೆಯಲ್ಲಿ ಒಂದು ಎರಡಾಗಬಹುದು. ಲೆಕ್ಕ ಹಾಕಿ: ಎರಡು ನಾಲ್ಕು, ನಾಲ್ಕು ಎಂಟು, ಎಂಟು ಹದಿನಾರು. ಎರಡು ಗಂಟೆಯಲ್ಲಿ ಒಂದು ಇದ್ದದ್ದು ಹದಿನಾರು! ಹಾಗಾಗಿ ಹಾಲು ಹುಳಿಯಾಗುತ್ತದೆ, ಒಡೆಯುತ್ತದೆ.

ಹಾಲನ್ನು ಶುದ್ಧ ಬಟ್ಟೆಯಲ್ಲಿ ಸೋಸಿ. ಸ್ಟೀಲಿನ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ. ನೆರಳಿನಲ್ಲಿ ಬೇಗ ಸೊಸೈಟಿಗೆ ಕೊಂಡುಹೋಗಿ. ನಿನ್ನೆ ಸಂಜೆಯ ಹಾಲನ್ನು ಬೆಳಗ್ಗಿನ ಹಾಲಿಗೆ ಸೇರಿಸಬೇಡಿ. ಸೊಸೈಟಿಗಳ ಹಾಲನ್ನು ತಂಪು ಟ್ಯಾಂಕಿನಲ್ಲಿ ಸುಮಾರು 4 ಡಿಗ್ರಿಗೆ ಇಳಿಸುತ್ತಾರೆ. ಆ ತಂಪಿನಲ್ಲಿ ರೋಗಾಣು ಬೆಳೆಯುವುದು ತೀರ ನಿಧಾನ. ಒಬ್ಬರ ಹಾಳಾದ ಹಾಲು ಟ್ಯಾಂಕಿಗೆ ಬಿದ್ದರೆ ಎಲ್ಲರ ಹಾಲೂ ಕೆಡಬಹುದು.

ಚೀಟಿಯಲ್ಲಿ ಏನು ಉಂಟು?

ಈಗ ಚೀಟಿ ಕೈಗೆ ಬಂತು. ಅಕ್ಷರ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರಬಹುದು. ಹೆದರಬೇಡಿ. ಅಂಕೆಗಳು ನೀವು ಕಲಿತವೇ. ಒಂದು ಉದಾಹರಣೆ ನೋಡಿ. ಇದು ಲೆಕ್ಕ ಕಲಿಯಲಿಕ್ಕೆ ಮಾತ್ರ. ನಿಮ್ಮ ಸೊಸೈಟಿಯ ದರ ಬೇರೆ ಇರಬಹುದು.

ಹಾಲು: 6.5 ಲೀಟರ್
ಫ್ಯಾಟ್: 4.0
ಎಸ್.ಎನ್.ಎಫ್.: 8.5
ದರ: 44 ರೂಪಾಯಿ
ಮೊತ್ತ: 286 ರೂಪಾಯಿ

ಹಾಲು 6.5 ಅಂದರೆ ಆರೂವರೆ ಲೀಟರ್. ಕೆಲವು ಕಡೆ ಲೀಟರಿನ ಬದಲು ಕಿಲೋ ಲೆಕ್ಕ ಇರುತ್ತದೆ. ಒಂದು ಲೀಟರ್ ಹಾಲು ಒಂದು ಕಿಲೋಕ್ಕಿಂತ ತುಸು ಹೆಚ್ಚು ತೂಗುತ್ತದೆ. ನಿಮ್ಮ ಚೀಟಿಯಲ್ಲಿ ಇರುವುದು ಲೀಟರೋ ಕಿಲೋವೋ ಅಂತ ಕೇಳಿ ತಿಳಿಯಿರಿ.

ಫ್ಯಾಟ್ ಅಂದರೆ ಕೊಬ್ಬು, ಬೆಣ್ಣೆಯ ಅಂಶ. 4.0 ಅಂದರೆ 100 ಗ್ರಾಂ ಹಾಲಿನಲ್ಲಿ 4 ಗ್ರಾಂ ಕೊಬ್ಬು.

ಎಸ್.ಎನ್.ಎಫ್. ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಅದರಲ್ಲಿ ಪ್ರೋಟೀನು, ಹಾಲಿನ ಸಕ್ಕರೆ, ಸುಣ್ಣದಂಥ ಲವಣಗಳು ಸೇರಿವೆ. 8.5 ಅಂದರೆ 100 ಗ್ರಾಂ ಹಾಲಿನಲ್ಲಿ ಎಂಟೂವರೆ ಗ್ರಾಂ. ಕಾನೂನಿನ ಪ್ರಕಾರ ಮಾರುವ ದನದ ಹಾಲಿನಲ್ಲಿ ಫ್ಯಾಟ್ 3.2, ಎಸ್.ಎನ್.ಎಫ್. 8.3 ಇರಲೇಬೇಕು.

ಈ ಎರಡು ಅಂಕೆಗಳಿಂದಲೇ ದರ ಸಿಗುತ್ತದೆ. ಲೀಟರಿನಿಂದ ದರವನ್ನು ಗುಣಿಸಿದರೆ ಮೊತ್ತ. 6.5 ಗುಣಿಸು 44, ಉತ್ತರ 286.

ಚುಕ್ಕಿಯನ್ನು ಸರಿಯಾಗಿ ನೋಡಿ. 3.8 ಬೇರೆ, 3.08 ಬೇರೆ. ಚುಕ್ಕಿಯ ಮುಂದೆ ಒಂದು ಸೊನ್ನೆ ಬಂದರೆ ದರವೇ ಬದಲಾಗುತ್ತದೆ.

ಅಂಕೆ ಇಳಿದರೆ ಏನು ಮಾಡಬೇಕು?

ಬೆಳಗ್ಗಿನ ಫ್ಯಾಟ್ ಸಂಜೆಗಿಂತ ಕಡಿಮೆ ಉಂಟೇ? ಗಾಬರಿ ಬೇಡ. ರಾತ್ರಿಯ ಹೊತ್ತು ಉದ್ದ. ಬೆಳಿಗ್ಗೆ ಹಾಲು ಹೆಚ್ಚು, ಕೊಬ್ಬು ತೆಳು. ಸಂಜೆ ಹಾಲು ಕಡಿಮೆ, ಕೊಬ್ಬು ದಪ್ಪ. ಇದು ಯಂತ್ರದ ತಪ್ಪಲ್ಲ. ಬೆಳಗ್ಗಿನ ಚೀಟಿಯನ್ನು ಬೆಳಗ್ಗಿನ ಚೀಟಿಯ ಜೊತೆಗೇ ಇಟ್ಟು ನೋಡಿ.

ಕೆಲವು ದಿನ ಒಂದೇ ಸಮನೆ ಫ್ಯಾಟ್ ಇಳಿಯಿತೇ? ಹುಲ್ಲನ್ನು ನೋಡಿ. ಮಳೆಗಾಲದ ಎಳೆ ಹುಲ್ಲಿನಲ್ಲಿ ನಾರು ಕಡಿಮೆ. ಅದರ ಜೊತೆ ಬೈಹುಲ್ಲೂ ಹಾಕಿ. ಕೊನೆಯ ಹಾಲು ಪೂರ್ತಿ ಕರೆದಿರೋ ಅದನ್ನೂ ನೋಡಿ.

ಎಸ್.ಎನ್.ಎಫ್. ಇಳಿಯಿತೇ? ಹಿಂಡಿ ಸಾಕಾಗುತ್ತಿಲ್ಲವೋ ಏನೋ. ಇಲ್ಲವೇ ಕೆಚ್ಚಲು ಬಾವು ಶುರುವಾಗಿರಬಹುದು. ಹೊರಗೆ ಬಾವು ಕಾಣುವ ಮೊದಲೇ ಚೀಟಿ ಅದನ್ನು ಹೇಳುತ್ತದೆ! ನೀರು ಸೇರಿದರೆ ಎರಡೂ ಅಂಕೆ ಒಟ್ಟಿಗೆ ಇಳಿಯುತ್ತವೆ.

ಪಕ್ಕದ ಮನೆಯ ಚೀಟಿ ನೋಡಿ ಬೇಸರ ಬೇಡ. ಅವರದು ಜೆರ್ಸಿ ಮಿಶ್ರತಳಿ, ನಿಮ್ಮದು ನಮ್ಮೂರ ಕಾಸರಗೋಡು ಗಿಡ್ಡ ಇರಬಹುದು. ಗಿಡ್ಡ ದನ ಕೊಡುವ ಹಾಲು ಕಡಿಮೆ. ಆದರೆ ತಿನ್ನುವುದೂ ಕಡಿಮೆ, ನಮ್ಮ ಮಳೆ ಬಿಸಿಲಿಗೆ ಒಗ್ಗಿದ ಜಾತಿ ಅದು. ಅದನ್ನು ಉಳಿಸಲಿಕ್ಕೆಂದೇ ಬದಿಯಡ್ಕದ ಬೇಳದಲ್ಲಿ ಸರಕಾರದ ಫಾರ್ಮ್ ಉಂಟು.

ಕೇಳುವುದು ನಿಮ್ಮ ಹಕ್ಕು

ಹಿಂದೆ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನವರು ದಲ್ಲಾಳಿಗಳ ಕೈಯಲ್ಲಿ ಸಿಕ್ಕಿದ್ದರು. ದಲ್ಲಾಳಿ ಹೇಳಿದ್ದೇ ಅಳತೆ, ಕೊಟ್ಟದ್ದೇ ದುಡ್ಡು. 1946ರಲ್ಲಿ ಅವರು ಒಟ್ಟಾಗಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ತ್ರಿಭುವನದಾಸ ಪಟೇಲರು ಮುಂದೆ ನಿಂತರು. 1949ರಲ್ಲಿ ಆನಂದ್ ಊರಿಗೆ ಬಂದ ವರ್ಗೀಸ್ ಕುರಿಯನ್ ಅವರ ಜೊತೆ ದುಡಿದರು. ಕುರಿಯನ್ ಹುಟ್ಟಿದ್ದು ನಮ್ಮ ಕೇರಳದ ಕೋಝಿಕ್ಕೋಡಿನಲ್ಲಿ, 1921ರ ನವೆಂಬರ್ 26ರಂದು. ಅವರ ನೆನಪಿಗೆ ಆ ದಿನ ದೇಶದಲ್ಲಿ ಹಾಲಿನ ದಿನ ಆಚರಿಸುತ್ತಾರೆ.

ಅದೇ ಮಾದರಿಯಲ್ಲಿ 1980ರಲ್ಲಿ ಕೇರಳದ ಮಿಲ್ಮಾ ಹುಟ್ಟಿತು. ಗಡಿಯ ಆಚೆ ಕರ್ನಾಟಕದ ನಂದಿನಿಯೂ ಅದೇ ದಾರಿಯದು. ಇವೆಲ್ಲದರ ಬುಡದಲ್ಲಿ ಇರುವುದು ಊರಿನ ಸೊಸೈಟಿ. ಅದರ ಒಡೆಯರು ಹಾಲು ಕೊಡುವ ಸದಸ್ಯರು. ಒಂದು ದನ ಇರುವವರಿಗೂ ಒಂದೇ ಓಟು, ಹತ್ತು ದನ ಇರುವವರಿಗೂ ಒಂದೇ ಓಟು.

ಹಾಗಾಗಿ ಚೀಟಿಯಲ್ಲಿ ಸಂಶಯ ಬಂದರೆ ಕೇಳಿ. "ಅಣ್ಣಾ, ಇವತ್ತು ಫ್ಯಾಟ್ ಯಾಕೆ ಕಡಿಮೆ? ಇನ್ನೊಮ್ಮೆ ಯಂತ್ರಕ್ಕೆ ಹಾಕಿ ನೋಡ್ತೀರಾ?" ಅಂತ ಮರ್ಯಾದೆಯಿಂದ ಕೇಳಿ. ಅದು ಜಗಳ ಅಲ್ಲ. ನಿಮ್ಮ ಹಾಲು, ನಿಮ್ಮ ಲೆಕ್ಕ. ಎಲ್ಲರೂ ಚೀಟಿ ಓದಿದರೆ ಸೊಸೈಟಿಗೂ ಬಲ.

ಮಾಡಿ ನೋಡಿ

1. ಈ ವಾರದ ಏಳು ಬೆಳಗ್ಗಿನ ಚೀಟಿ ಜೋಪಾನವಾಗಿ ಇಡಿ.

2. ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದು ತಾರೀಕು, ಹಾಲು, ಫ್ಯಾಟ್, ಎಸ್.ಎನ್.ಎಫ್., ಮೊತ್ತ ಅಂತ ಐದು ಸಾಲು ಮಾಡಿ. ಚೀಟಿ ನೋಡಿ ಬರೆಯಿರಿ.

3. ಏಳು ದಿನದ ಮೊತ್ತ ಕೂಡಿಸಿ. ಆ ವಾರ ತಂದ ಹಿಂಡಿ, ಬೈಹುಲ್ಲಿನ ಖರ್ಚು ಕಳೆಯಿರಿ. ಎಷ್ಟು ಉಳಿಯಿತು?

4. ಅಂಕೆ ಇಳಿದ ದಿನಕ್ಕೆ ಒಂದು ಗುರುತು ಹಾಕಿ. ಆ ದಿನ ಹಟ್ಟಿಯಲ್ಲಿ ಏನು ಬೇರೆ ಆಗಿತ್ತು? ಒಂದು ವಾಕ್ಯದಲ್ಲಿ ಬರೆಯಿರಿ.

5. ಪಕ್ಕದ ಮನೆಯಲ್ಲಿ ಓದಲು ಬಾರದ ಹಿರಿಯರು ಇದ್ದರೆ ಅವರ ಚೀಟಿಯನ್ನೂ ಓದಿ ಹೇಳಿ.